ಶಿರಸಿಯಲ್ಲಿ ಸ್ಪೋರ್ಟ್ಸ್ ಕಾರ್ ಇಟ್ಕೊಂಡ್ರೆ ಏನೇನಾಗುತ್ತೆ: ಆರು ವರ್ಷ ಓಡ್ಸಿದ ಮೇಲಿನ ರಿವ್ಯೂ

ಮೊದಲೇ ಹೇಳ್ಬಿಡ್ತೀನಿ, ಕಂಪನಿ ಹೆಸರು ಮಾಡೆಲ್ ಹೆಸರು ಬರೆಯಲ್ಲ. ಬರೆದ್ರೆ ಆ ಕಾರಿನ ಅಭಿಮಾನಿಗಳೆಲ್ಲ ಜಗಳಕ್ಕೆ ಬರ್ತಾರೆ, ಅಡಿಕೆ ಕೊಯ್ಲಿನ ಟೈಮಲ್ಲಿ ನಂಗೆ ಅಷ್ಟು ಪುರುಸೊತ್ತಿಲ್ಲ. ಎಂಥಾ ಕಾರು ಅಂತ ಮಾತ್ರ ಹೇಳ್ತೀನಿ: 2010ರ ಮಾಡೆಲ್ಲು, ಎರಡೇ ಸೀಟು, ಬಟ್ಟೆ ಟಾಪು, ಆರು ಸಿಲಿಂಡರ್ ಪೆಟ್ರೋಲ್ ಇಂಜಿನ್ನು ಸೀಟಿನ ಬೆನ್ನ ಹಿಂದೆ, ಗೇರು ಕೈಯಲ್ಲೇ ಹಾಕೋದು. 2019ರಲ್ಲಿ ಬೆಂಗಳೂರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಆಗ 23 ಸಾವಿರ ಕಿಲೋಮೀಟರ್ ಓಡಿತ್ತು, ಈಗ 61 ಸಾವಿರ. ಮಾರನೇ ವರ್ಷ ಕೆಲಸ ಬಿಟ್ಟು ಊರಿಗೆ ಬಂದೆ, ಕಾರೂ ನನ್ನ ಜೊತೆ ಬಂತು. ಅಂದ್ರೆ ಇದು ಬೆಂಗಳೂರಿನ ಏರ್‌ಪೋರ್ಟ್ ರೋಡಲ್ಲಿ ಭಾನುವಾರ ಬೆಳಿಗ್ಗೆ ಓಡೋ ಕಾರಿನ ರಿವ್ಯೂ ಅಲ್ಲ, ಶಿರಸಿಯಿಂದ ಎಂಟು ಕಿಲೋಮೀಟರ್ ಒಳಗೆ ಹಲಸಿನ ಮರದ ಕೆಳಗೆ ನಿಲ್ಲೋ ಕಾರಿನ ರಿವ್ಯೂ.

ಊರಿಗೆ ತಂದ ದಿನ ಅಂಗಳದಲ್ಲಿ ಹತ್ತು ಜನ ಸೇರಿದ್ರು. ದೊಡ್ಡಪ್ಪ ಕವಳ ಹಾಕ್ಕೊಂಡು ಬಂದು ಬಾನೆಟ್ ಎತ್ತು ಅಂದ್ರು, ಎತ್ತಿದೆ, ಒಳಗೆ ಏನೂ ಇಲ್ಲ, ಸೂಟ್‌ಕೇಸ್ ಇಡೋ ಗುಂಡಿ ಅಷ್ಟೆ. ಹಿಂದೆ ಎತ್ತು ಅಂದ್ರು, ಅಲ್ಲೂ ಡಿಕ್ಕಿ, ಆಯಿಲ್ ಹಾಕೋಕೆ ಒಂದು ಮುಚ್ಚಳ, ಕೂಲೆಂಟಿಗೆ ಇನ್ನೊಂದು. ಇಂಜಿನ್ ಎಲ್ಲೂ ಕಾಣಲ್ಲ. "ಇಂಜಿನ್ ಇಲ್ದೇ ಹ್ಯಾಂಗೆ ಓಡ್ತಾ ತಮಾ ಇದು?" ಅಂತ ನಿಜವಾಗಿ ಕೇಳಿದ್ರು. ಆಯಿದು (ಅಮ್ಮಂದು) ಬೇರೆ ತಕರಾರು, "ಯಂಗೆ ಇದ್ರಲ್ಲಿ ಕೂತ್ಗಂಬ್ಲೆ ಆಗ್ತಿಲ್ಲೆ", ಇವತ್ತಿಗೂ ಕೂತಿಲ್ಲ, ಮಂಡಿ ನೋವಿನವರಿಗೆ ಇಳಿಯೋದು ಇನ್ನೂ ಕಷ್ಟ, ಬಾವಿಯಿಂದ ಮೇಲೆ ಬಂದಂಗೆ. ಮನೆಗೆ ಇನ್ನೊಂದು ಕಾರು ಇಲ್ದೇ ಇದ್ರೆ ಈ ಥರದ್ದು ತಗೋಬೇಡಿ.

ಸುಖದ ಮಾತು ಮೊದಲು. ಜನ ಕೇಳೋ ಮೊದಲ ಪ್ರಶ್ನೆ ಎಷ್ಟು ಸ್ಪೀಡ್ ಹೋಗುತ್ತೆ ಅಂತ. ಎರಡನೇ ಗೇರಲ್ಲೇ ನೂರು ದಾಟುತ್ತೆ, ಆದ್ರೆ ನಮ್ಮ ಜಿಲ್ಲೆಯಲ್ಲಿ ಅದನ್ನ ಇಟ್ಕೊಂಡು ಏನು ಮಾಡೋದು? ಶಿರಸಿಯಿಂದ ಕುಮಟಾಕ್ಕೆ ಇಳಿಯೋ ದೇವಿಮನೆ ಘಾಟಿಯಲ್ಲಿ ನಲವತ್ತು ಐವತ್ತರ ಮೇಲೆ ಹೋಗೋ ಹುಚ್ಚು ನನಗಿಲ್ಲ, ಎದುರಿಂದ ಕುಮಟಾ ಬಸ್ಸು ಪೂರ್ತಿ ರಸ್ತೆ ತಗೊಂಡೇ ತಿರುಗುತ್ತೆ. ಮಜಾ ಇರೋದು ಆ ನಲವತ್ತರಲ್ಲೇ. ಇಂಜಿನ್ ತೂಕ ಎರಡೂ ಚಕ್ರಗಳ ನಡುವೆ ಇರೋದ್ರಿಂದ ಮೂತಿ ಹಗುರ, ಸ್ಟೇರಿಂಗ್ ಒಂದಿಂಚು ತಿರುಗಿಸಿದ್ರೆ ಕಾರು ಸೊಂಟದಿಂದಲೇ ತಿರುಗುತ್ತೆ, ನಾವು ಕೂತಿರೋ ಜಾಗದಲ್ಲೇ ಗಿರಕಿ ಹೊಡೆದಂಗೆ. ನಮ್ಮ ಮನೆ ಇನ್ನೊಂದು ಕಾರಲ್ಲಿ ಅದೇ ತಿರುವಿಗೆ ಮೊದಲು ಮೂತಿ ಹೋಗಿ, ಆಮೇಲೆ ಮೈ ವಾಲಿ, ಆಮೇಲೆ ಹಿಂದಿನ ಸೀಟಲ್ಲಿದ್ದವರು ವಾಂತಿ ಅಂತಾರೆ.

ಇನ್ನೊಂದು ಸುಖ ಟಾಪ್ ತೆಗೆದಾಗ ಬರೋ ವಾಸನೆಗಳು. ಡಿಸೆಂಬರಲ್ಲಿ ಬೆಳಿಗ್ಗೆ ಏಳು ಗಂಟೆಗೆ ಮನೆ ಬಿಟ್ರೆ ರಾಗಿಹೊಸಳ್ಳಿ ತನಕ ಪ್ರತಿ ಊರಲ್ಲೂ ಅಡಿಕೆ ಬೇಯಿಸೋ ಹಂಡೆಯ ಚೊಗರು ವಾಸನೆ, ಹೀಟರ್ ಕಾಲಿಗೆ, ತಲೆ ಮೇಲೆ ಇಬ್ಬನಿ. ಘಾಟಿ ಇಳೀತಾ ಇಳೀತಾ ಗಾಳಿ ಬೆಚ್ಚಗಾಗೋದು ಕೆನ್ನೆಗೇ ಗೊತ್ತಾಗುತ್ತೆ, ಕುಮಟಾ ಹತ್ರ ಒಣಮೀನು. ಎಸಿ ಹಾಕ್ಕೊಂಡು ಇಪ್ಪತ್ತು ವರ್ಷ ಈ ರಸ್ತೆಯಲ್ಲಿ ಓಡಾಡಿದ್ರೂ ಇದ್ಯಾವುದೂ ನನಗೆ ಗೊತ್ತೇ ಇರ್ಲಿಲ್ಲ.

ಸಾಮಾನು ಇಡೋಕೆ ಎರಡು ಡಿಕ್ಕಿ ಇದೆ ಅಂತ ಮಾರೋರು ಹೇಳ್ತಾರೆ, ಹೌದು ಇದೆ, ಆದ್ರೆ ಹಿಂದಿಂದು ಇಂಜಿನ್ನಿಗೆ ತಾಗಿಕೊಂಡಿದೆ ಅನ್ನೋದು ಹೇಳಲ್ಲ. ಒಂದು ಮೇ ತಿಂಗಳು ಅಂಕೋಲಾದಿಂದ ಕರಿ ಇಶಾಡ ಮಾವಿನಹಣ್ಣು ತಂದೆ, ಒಂದು ಬುಟ್ಟಿ ಮುಂದೆ, ಒಂದು ಬುಟ್ಟಿ ಹಿಂದೆ. ಮುಂದಿನದು ಸರಿ ಇತ್ತು. ಹಿಂದಿನದು ಮನೆ ಮುಟ್ಟೋದ್ರೊಳಗೆ ಹೆಚ್ಚುಕಮ್ಮಿ ಸಾಸಿವೆಗೆ ಬೇಯಿಸಿಟ್ಟಂಗೆ ಆಗಿತ್ತು. ಆವತ್ತಿಂದ ಹಿಂದೆ ಬಟ್ಟೆ ಬ್ಯಾಗ್ ಮಾತ್ರ.

ಇನ್ನು ರಗಳೆ. ತಗೊಳ್ಳೋ ಮುಂಚೆ ಎಲ್ಲರೂ ಹೆದರಿಸಿದ್ದು ಇಂಜಿನ್ ಬಗ್ಗೆ, ಗೇರ್‌ಬಾಕ್ಸ್ ಬಗ್ಗೆ, ಪಾರ್ಟ್ಸ್ ಬಗ್ಗೆ. ಆರು ವರ್ಷದಲ್ಲಿ ಇಂಜಿನ್ ಒಂದು ದಿನ ಕೆಮ್ಮಿಲ್ಲ. ಆಯಿಲ್ ಬದಲಾಯಿಸುವಾಗ 8 ಲೀಟರ್ ಹತ್ರ ಕುಡಿಯುತ್ತೆ, ಅದೊಂದು ಖರ್ಚು ಅಷ್ಟೆ. ನನ್ನ ಕಾರು ಕೆಟ್ಟಿದ್ದೆಲ್ಲ ನಿಂತಲ್ಲೇ ಕೆಟ್ಟಿದ್ದು.

2020ರ ಮಳೆಗಾಲ ಅದನ್ನ ತುಂಬಾ ಜೋಪಾನ ಮಾಡೋಕೆ ಹೋದೆ. ತಾಡಪಾಲು ಹೊದೆಸಿ, ಹಗ್ಗ ಕಟ್ಟಿ, ಎರಡು ತಿಂಗಳು ಮುಟ್ಲಿಲ್ಲ. ತಾಡಪಾಲು ಮೇಲೆ ಹಲಸಿನೆಲೆ ಬಿದ್ದು ಕೊಳೆತು, ಒಳಗೆ ಗಾಳಿ ಆಡದೆ, ತೆಗೆದು ನೋಡಿದ್ರೆ ಸೀಟು, ಸ್ಟೇರಿಂಗು, ಗೇರ್ ನಾಬು ಎಲ್ಲದಕ್ಕೂ ಹಸಿರು ಬೂಷ್ಟು. ಅದನ್ನ ಒರೆಸಬಹುದು. ಕಾಲು ಇಟ್ಟೆ ನೋಡಿ, ಮ್ಯಾಟ್ ಕೆಳಗೆ ಪಚಕ್ ಅಂತ ನೀರು. ಕೀ ಹಾಕಿದ್ರೆ ಸ್ಟಾರ್ಟ್ ಇಲ್ಲ, ಲಾಕ್ ತಾನೇ ಬೀಳುತ್ತೆ, ತಾನೇ ತೆಗೆಯುತ್ತೆ, ರಾತ್ರಿ ಎರಡು ಗಂಟೆಗೆ ಅಲಾರಂ ಹೊಡ್ಕೊಂಡು ನಾಯಿಗಳೆಲ್ಲ ಎದ್ದು ಕೂತ್ವು.

ಟ್ರಕ್ಕಲ್ಲಿ ಹೊರಿಸಿ ಗೋವಾದ ಒಂದು ಗ್ಯಾರೇಜಿಗೆ ಕಳಿಸಿದೆ, ಹೆಸರು ಬೇಡ ಬಿಡಿ. ಹನ್ನೊಂದು ದಿನ ಇಟ್ಕೊಂಡು ಸೀಟಿನ ಕೆಳಗಿರೋ ಎಲೆಕ್ಟ್ರಾನಿಕ್ ಬಾಕ್ಸ್ ಹೋಗಿದೆ ಅಂತ ಬದಲಾಯಿಸಿ, 1 ಲಕ್ಷದ 40 ಸಾವಿರ ಬಿಲ್ಲು ಕೊಟ್ರು. ನೀರು ಎಲ್ಲಿಂದ ಬಂತು ಅಂತ ಕೇಳಿದ್ದಕ್ಕೆ ಡೋರ್ ರಬ್ಬರ್ ಇರ್ಬೇಕು ಸರ್ ಅಂದ್ರು. ಮುಂದಿನ ಮಳೆಗೆ ಮತ್ತೆ ಪಚಕ್.

ಕಾರಣ ಕಂಡುಹಿಡಿದಿದ್ದು ಕಡೆಗೆ ಮನೆಯಲ್ಲೇ, ಸೋಮಾರಿ ಮಧ್ಯಾಹ್ನ ಒಂದು ದಿನ. ಟಾಪನ್ನ ಅರ್ಧ ಎತ್ತಿ ನಿಲ್ಲಿಸಿದ್ರೆ ಬಾಗಿಲ ಹಿಂದೆ, ಬಟ್ಟೆ ಮಡಚಿಕೊಳ್ಳೋ ಜಾಗದ ಕೆಳಗೆ, ಎಡಕ್ಕೊಂದು ಬಲಕ್ಕೊಂದು ಬೆರಳು ಗಾತ್ರದ ತೂತು ಕಾಣುತ್ತೆ. ಬಟ್ಟೆ ಟಾಪ್ ಮೇಲೆ ಬಿದ್ದ ನೀರು ಎರಡೂ ಕಡೆ ಹರಿದು ಆ ತೂತಲ್ಲಿ ಇಳಿದು ಪೈಪಲ್ಲಿ ಚಕ್ರದ ಹತ್ರ ಹೊರಗೆ ಹೋಗ್ಬೇಕು. ಅದು ಕಟ್ಟಿದ್ರೆ ನೀರಿಗೆ ಹೋಗೋಕೆ ಬೇರೆ ದಾರಿ ಇಲ್ಲ, ಒಳಗೆ ಬರುತ್ತೆ, ಬಂದು ಅತಿ ತಗ್ಗು ಜಾಗದಲ್ಲಿ ನಿಲ್ಲುತ್ತೆ, ಆ ತಗ್ಗು ಜಾಗದಲ್ಲೇ ಪುಣ್ಯಾತ್ಮರು ಕಂಪ್ಯೂಟರ್ ಬಾಕ್ಸ್ ಇಟ್ಟಿದ್ದಾರೆ. ಟಾರ್ಚ್ ಬಿಟ್ಟು ನೋಡಿದೆ, ತೂತಿನ ಬಾಯಿಗೆ ಮಾವಿನ ಹೂವು, ಹಲಸಿನೆಲೆ ಚೂರು, ಕೆಂಪು ಧೂಳು ಎಲ್ಲ ಸೇರಿ ಸಗಣಿ ಉಂಡೆ ಥರ ಗಟ್ಟಿ ಆಗಿತ್ತು. ಹುಲ್ಲು ಹೊಡೆಯೋ ಮೆಷಿನ್ನಿಗೆ ಹಾಕ್ತೀವಲ್ಲ ದಪ್ಪ ನೈಲಾನ್ ದಾರ, ಅದರ ಒಂದು ಮಾರು ತುಂಡು ತಗೊಂಡು ತುದಿ ಬೆಂಕಿಗೆ ಹಿಡಿದು ಉರುಟು ಮಾಡಿ, ನಿಧಾನ ತಿರುಗಿಸ್ತಾ ಒಳಗೆ ಬಿಟ್ಟೆ. ಒಂದೆರಡು ಸಲ ತಡೆದು ಆಮೇಲೆ ಗುಳುಕ್ ಅಂತ ಇಳೀತು, ಚೊಂಬಲ್ಲಿ ನೀರು ಹೊಯ್ದ್ರೆ ಹಿಂದಿನ ಚಕ್ರದ ಹತ್ರ ಕಪ್ಪು ಕಷಾಯ ಬಂತು. ಖರ್ಚು ಸೊನ್ನೆ. ಕಂಪ್ರೆಸರ್ ಗಾಳಿ ಮಾತ್ರ ಹೊಡೀಬೇಡಿ, ಒಳಗಿನ ಪೈಪು ಕಳಚಿ ಬಿದ್ರೆ ಆಮೇಲೆ ಎಲ್ಲ ಬಿಚ್ಚಬೇಕು. ಈಗ ವರ್ಷಕ್ಕೆ ಮೂರು ಸಲ, ಮೇ ಕಡೆ ವಾರ ತಪ್ಪದೇ. ನಮ್ಮ ಕಡೆ ಸುರಿಯೋ ಮಳೆ, ಆ ಪೈಪ್ ಮಾಡಿದವ ಅದನ್ನ ಕನಸಲ್ಲೂ ನೋಡಿರಲಿಕ್ಕಿಲ್ಲ.

ಬ್ಯಾಟರಿ ಕತೆ ಇನ್ನೂ ಚೆನ್ನಾಗಿದೆ. ಬ್ಯಾಟರಿ ಇರೋದು ಮುಂದಿನ ಬಾನೆಟ್ ಕೆಳಗೆ. ಬಾನೆಟ್ ತೆಗೆಯೋಕೆ ಇರೋದು ಕರೆಂಟ್ ಸ್ವಿಚ್. ಬ್ಯಾಟರಿ ಸತ್ರೆ ಬಾನೆಟ್ ತೆಗೆಯಲ್ಲ, ಬಾನೆಟ್ ತೆಗೆಯದೆ ಬ್ಯಾಟರಿಗೆ ಕೈ ಸಿಗಲ್ಲ, ಪೆಟ್ಟಿಗೆ ಕೀಲಿ ಪೆಟ್ಟಿಗೆ ಒಳಗೆ. ಉಪಾಯ ಇದೆ, ಡ್ರೈವರ್ ಕಾಲಿನ ಹತ್ರ ಫ್ಯೂಸ್ ಬಾಕ್ಸಲ್ಲಿ ಒಂದು ಕೆಂಪು ಪಿನ್ ಎಳ್ಕೊಳ್ಳೋಕೆ ಬರುತ್ತೆ, ಅದಕ್ಕೆ ಬೇರೆ ಬ್ಯಾಟರಿಯ ಪ್ಲಸ್ಸು, ಬಾಗಿಲ ಲಾಕಿನ ಕಬ್ಬಿಣದ ಕೊಂಡಿಗೆ ಮೈನಸ್ಸು ಕೊಟ್ರೆ ಟಕ್ ಅಂತ ತೆಗೆಯುತ್ತೆ. ಇದನ್ನ ನಾನು ಕಲ್ತಿದ್ದು ಮದುವೆ ಮನೆಗೆ ಹೊರಟು, ಪಂಚೆ ಎತ್ತಿ ಕಟ್ಟಿ, ಟ್ರ್ಯಾಕ್ಟರ್ ಬ್ಯಾಟರಿ ಹೊತ್ತು ತಂದು. ಚಾರ್ಜರ್ ಸಿಕ್ಕಿಸಿಡಿ ಅಂತ ಸಲಹೆ ಕೊಡ್ತಾರೆ, ಜುಲೈಯಲ್ಲಿ ನಮ್ಮೂರಿಗೆ ಬಂದು ನಾಲ್ಕು ದಿನ ಕರೆಂಟ್ ಕಾದು ನೋಡಿ ಅಂತೀನಿ.

ಅದಕ್ಕೇ ಈಗ ಮಳೆಗಾಲದಲ್ಲೂ ವಾರಕ್ಕೊಮ್ಮೆ ಓಡಿಸ್ತೀನಿ, ಮಳೆ ನಿಂತ ಹೊತ್ತು ನೋಡಿ ಮೂವತ್ತು ಕಿಲೋಮೀಟರ್. ಪೆಟ್ರೋಲಿಗೂ ಅದೇ ಒಳ್ಳೇದು, ಈಗ ಬರೋದೆಲ್ಲ 20 ಪರ್ಸೆಂಟ್ ಇಥನಾಲ್, ಅದು ತೇವ ಎಳ್ಕೊಳ್ಳುತ್ತೆ, ಅರ್ಧ ಟ್ಯಾಂಕ್ ಇಟ್ಟು ತಿಂಗಳುಗಟ್ಟಲೆ ನಿಲ್ಲಿಸಿದ್ರೆ ನಮ್ಮ ಹವೆಗೆ ಕೇಳೋದೇ ಬೇಡ. ಒದ್ದೆ ರಸ್ತೆಯಲ್ಲಿ ಒಂದು ಎಚ್ಚರ: ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್ ದಿಢೀರ್ ಬಿಟ್ರೆ ಹಿಂಬದಿ ಜಾರುತ್ತೆ. ನನಗೆ ಒಂದು ಸಲ ಆಗಿದೆ, ನಲವತ್ತರಲ್ಲೇ, ಚರಂಡಿಗೆ ಎರಡಡಿ ಉಳಿದಿತ್ತು. ಕೆಳಗಿಳಿದು ಟೈರ್ ನೋಡಿದ್ರೆ ಗೀರು ಚೆನ್ನಾಗೇ ಇದೆ, ಪಕ್ಕದಲ್ಲಿ ನಾಕು ಅಂಕಿ 3214, ಅಂದ್ರೆ 2014ರ 32ನೇ ವಾರ ಮಾಡಿದ್ದು, ಒಣಗಿ ಕಲ್ಲಾಗಿತ್ತು. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಕಿಲೋಮೀಟರ್ ಬಿಟ್ಟು ಮೊದಲು ಆ ಅಂಕಿ ನೋಡಿ.

ಎಸಿ ಹೋಗಿದ್ದು 2024ರಲ್ಲಿ. ಮುಂದಿನ ಬಂಪರಿನ ಎರಡೂ ಮೂಲೆಯಲ್ಲಿ ರೇಡಿಯೇಟರು, ಅದರ ಮುಂದೆ ಎಸಿ ಕಂಡೆನ್ಸರು, ಬಾಯಿ ತೆರೆದಂಗೆ ಇರುತ್ತೆ, ಬಿದ್ದ ಎಲೆ ಎಲ್ಲ ನುಂಗುತ್ತೆ. ಒದ್ದೆ ಎಲೆ, ಮೇಲಿಂದ ಕಾರವಾರ ಕಡೆ ಓಡಾಡಿದಾಗಿನ ಉಪ್ಪುಗಾಳಿ, ಅಲ್ಯುಮಿನಿಯಂ ತೂತು ಬಿತ್ತು. ಪಾರ್ಟ್ ಬಂದಿದ್ದು ಜುಲೈಯಲ್ಲಿ, ಗೋವಾಕ್ಕೆ ಹೋಗ್ಬೇಕು ಅನ್ನೋವಾಗ 16ನೇ ತಾರೀಕು ಅಂಕೋಲಾ ಹತ್ರ ಶಿರೂರಲ್ಲಿ ಗುಡ್ಡ ಕುಸಿದು ಹೈವೇ ಬಂದ್, ಅಷ್ಟು ಜನ ಹೋದಾಗ ಎಸಿ ಮಾತಾಡೋಕೇ ನಾಚಿಕೆ ಆಯ್ತು, ಸುಮ್ನಾದೆ. ಆಗಸ್ಟ್ 7ಕ್ಕೆ ಕಾಳಿ ನದಿಯ ಹಳೇ ಸೇತುವೆಯೂ ಬಿತ್ತು. ದೀಪಾವಳಿ ಆದ್ಮೇಲೆ ಹೋಗಿ ಹಾಕ್ಸಿದೆ, ಈ ಸಲ ಬಂಪರ್ ಬಾಯಿಗೆ ಸೊಳ್ಳೆ ಪರದೆಯ ಸ್ಟೀಲ್ ಜಾಲರಿ ಕೂರಿಸಿ. ಗ್ಯಾರೇಜಿನವರು ನಕ್ಕರು, ನಗಲಿ.

ಹಂಪ್ಸ್ ಬಗ್ಗೆ ಬರೆಯೋಕೆ ಹೋದ್ರೆ ಬೇರೆ ಲೇಖನ ಆಗುತ್ತೆ. ನಿಯಮದ ಪ್ರಕಾರ ಉಬ್ಬು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರ್ಬೇಕು, ಹಾಗಿದ್ರೆ ಈ ಕಾರು ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿದ್ರೆ ಆರಾಮಾಗಿ ದಾಟುತ್ತೆ. ನಮ್ಮ ಕಡೆ ಉಳಿದ ಡಾಂಬರು ಸುರಿದು ಮಾಡಿದ ಗೋಪುರಗಳಿವೆ. ದೇವಿಮನೆ ರಸ್ತೆ ಅಗಲ ಮಾಡೋಕೆ ಬಂದ್ ಮಾಡಿದಾಗ ದೊಡ್ಮನೆ ಘಾಟಿ ಸುತ್ತಿ ಹೋಗಿ ಹೊಟ್ಟೆ ಎರಡು ಸಲ ಉಜ್ಜಿದೀನಿ.

ಕಡೇ ತಾಪತ್ರಯಕ್ಕೆ ಯಾವ ಕಂಪನಿಯೂ ಹೊಣೆ ಅಲ್ಲ. ಹಲಸು ಹಣ್ಣಾಗೋ ಕಾಲಕ್ಕೆ ಮಂಗಗಳು ಮರದಿಂದ ಸೀದಾ ಬಟ್ಟೆ ಟಾಪ್ ಮೇಲೆ ಹಾರ್ತವೆ, ಅದು ಅವಕ್ಕೆ ಜಂಪಿಂಗ್ ಮಂಚ. ಈ ವರ್ಷ ಒಂದು ಗಡವ ಸೊಳೆ ತಿಂದು ಅಂಟು ಕೈಯನ್ನ ಬಟ್ಟೆಗೆ ಒರೆಸಿ, ಹಿಂದಿನ ಗಾಜಿನ ಹೊಲಿಗೆ ಹತ್ರ ಗೇಣುದ್ದ ಹರಿದಿದೆ. ಸದ್ಯಕ್ಕೆ ಛತ್ರಿ ರಿಪೇರಿಯವನ ಹತ್ರ ಹೊಲಿಸಿ ಮೇಲೆ ರಬ್ಬರ್ ಸೊಲ್ಯೂಶನ್ ಬಳಿದಿದೀನಿ, ನೀರು ಬರ್ತಿಲ್ಲ. ಹೊಸ ಟಾಪಿಗೆ ಫಿಟ್ಟಿಂಗ್ ಸೇರಿ 2 ಲಕ್ಷದ 30 ಸಾವಿರ ಅಂದಿದಾರೆ. ದೊಡ್ಡಪ್ಪ, ತಗಡು ಹೊಡೆಸು ಅಂತಾರೆ. ನಾನು ಚಾಲಿ ಅಡಿಕೆ ರೇಟು ನೋಡ್ತಾ ಇದೀನಿ, ಇನ್ನೊಂದು ನಾಕು ಸಾವಿರ ಏರಿದ್ರೆ ಆರ್ಡರ್ ಮಾಡೋದೇ.