ಕೂದಲು ಉದುರುತ್ತೆ ಅಂತ ಲೇಬಲ್ ಇಲ್ಲದ ಪುಡಿ ನುಂಗಬೇಡಿ: ನನ್ನ ತಂಗಿಗೆ ಆಗಿದ್ದು

ಮೈಸೂರು, ಮಂಡ್ಯ ಕಡೆಯ ಹೆಣ್ಣುಮಕ್ಕಳು ದಯವಿಟ್ಟು ಇದನ್ನು ಪೂರ್ತಿ ಓದಿ. ಕೂದಲು ಉದುರುತ್ತೆ ಅಂತ ಹೋದವರಿಗೆ ಆಯುರ್ವೇದದ ಹೆಸರು ಹೇಳಿ ಲೇಬಲ್ ಇಲ್ಲದ ಪುಡಿ ಕೊಡುವ ಜಾಗಗಳು ನಮ್ಮಲ್ಲಿ ಜಾಸ್ತಿ ಆಗುತ್ತಿವೆ. ಅಂಥ ಒಂದು ಕಡೆ ನನ್ನ ತಂಗಿ ದುಡ್ಡನ್ನೂ ಕಳೆದುಕೊಂಡಳು, ಆರೋಗ್ಯವನ್ನೂ ಕೆಡಿಸಿಕೊಂಡಳು.

ತಂಗಿ ಮಂಡ್ಯದಲ್ಲಿದ್ದಾಳೆ. ಎರಡನೇ ಮಗು ಆಗಿ ಕೆಲವು ವರ್ಷ ಆಗಿದೆ. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು, ಸ್ನಾನ ಮಾಡಿದರೆ ಬಚ್ಚಲ ಜಾಲರಿ ತುಂಬ ಕೂದಲು. ಬೈತಲೆ ಅಗಲ ಆಗುತ್ತಾ ಬಂತು. ಪಕ್ಕದ ಮನೆಯವರು ಮೈಸೂರಿನ ಒಂದು 'ಕೇಶ ಚಿಕಿತ್ಸಾ ಕೇಂದ್ರ'ದ ಹೆಸರು ಹೇಳಿದರು. ಅಂಗಡಿ ಸಾಲಿನ ಮೇಲಿನ ಮಹಡಿ. ಒಳಗೆ ಧನ್ವಂತರಿ ಫೋಟೋ, ಊದುಬತ್ತಿ, ಗಾಜಿನ ಭರಣಿಗಳಲ್ಲಿ ಬೇರು ನಾರು. ಯಾರಿಗಾದರೂ ನಂಬಿಕೆ ಬರುವಂತೆಯೇ ಇತ್ತು.

ಅಲ್ಲಿದ್ದವರು ಪೆನ್ನಿನಂಥ ಕ್ಯಾಮೆರಾ ತಲೆಗೆ ಹಿಡಿದು ಟಿವಿಯಲ್ಲಿ ತೋರಿಸಿದರು. ಉದುರಿದ ಒಂದು ಕೂದಲು ತೆಗೆದು, ಅದರ ತುದಿಯ ಬಿಳಿ ಗಂಟು ತೋರಿಸಿ, "ನೋಡಮ್ಮಾ, ಬೇರು ಸಮೇತ ಕಿತ್ತು ಬರ್ತಿದೆ, ಇನ್ನು ಆರು ತಿಂಗಳು ಬಿಟ್ರೆ ಏನೂ ಉಳಿಯಲ್ಲ" ಅಂದರು. ತಂಗಿ ಅಲ್ಲೇ ಅತ್ತುಬಿಟ್ಟಳು. ಆಮೇಲೆ ಗೊತ್ತಾಗಿದ್ದು, ತಾನಾಗಿ ಉದುರುವ ಕೂದಲಿಗೆಲ್ಲ ಆ ಬಿಳಿ ಗಂಟು ಇದ್ದೇ ಇರುತ್ತದೆ. ಅದು ಬೇರು ಸತ್ತಿದ್ದರ ಗುರುತಲ್ಲ. ಕೂದಲು ಹುಟ್ಟುವ ಕುಳಿ ಚರ್ಮದ ಒಳಗೇ ಉಳಿದು, ಅಲ್ಲಿಂದಲೇ ಹೊಸದು ಬರುತ್ತದೆ. ಆರೋಗ್ಯವಾಗಿರುವವರಿಗೂ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಇದು ಗೊತ್ತಿಲ್ಲದವರನ್ನು ಹೆದರಿಸುವುದು ಎಷ್ಟು ಸುಲಭ ನೋಡಿ.

ನಾಡಿ ಹಿಡಿದು 'ಪಿತ್ತ' ಅಂದರು. ಮೂರು ತಿಂಗಳ ಪ್ಯಾಕೇಜ್, 18,000 ರೂಪಾಯಿ, ಮುಂಗಡ. ರಸೀದಿ ಇಲ್ಲ, ಒಂದು ಚೀಟಿ ಅಷ್ಟೇ. ರಕ್ತ ಪರೀಕ್ಷೆ ಮಾಡಿಸಲೇ ಅಂತ ತಂಗಿಯೇ ಕೇಳಿದಳು. "ಅದೆಲ್ಲ ಇಂಗ್ಲಿಷ್ ಔಷಧಿಯವರ ದಂಧೆ, ನಮ್ಮಲ್ಲಿ ಬೇಕಾಗಿಲ್ಲ" ಅನ್ನುವ ಉತ್ತರ ಬಂತು.

ಮನೆಗೆ ತಂದ ಔಷಧಿಯನ್ನು ನಾನೇ ಕಣ್ಣಾರೆ ನೋಡಿದೆ. ಒತ್ತಿ ಮುಚ್ಚುವ ಪ್ಲಾಸ್ಟಿಕ್ ಕವರ್. ಒಂದರ ಮೇಲೆ ಸ್ಕೆಚ್ ಪೆನ್ನಿನಲ್ಲಿ '1', ಇನ್ನೊಂದರ ಮೇಲೆ '2'. ಒಂದರಲ್ಲಿ ಕಂದು ಪುಡಿ. ಇನ್ನೊಂದರಲ್ಲಿ ಬೂದಿ ಬಣ್ಣದ್ದು. ತುಂಬ ನುಣುಪು, ಬೆರಳಿಗೆ ಅಂಟಿದರೆ ರೇಖೆಯೊಳಗೆ ಇಳಿದು ಕೂರುತ್ತಿತ್ತು, ತೊಳೆದರೂ ಬೇಗ ಹೋಗುತ್ತಿರಲಿಲ್ಲ. ಏನು ಹಾಕಿದ್ದಾರೆ, ಯಾರು ಮಾಡಿದ್ದು, ಯಾವಾಗ ಮಾಡಿದ್ದು, ಒಂದಕ್ಷರ ಇಲ್ಲ. ಎಣ್ಣೆ ಬಾಟಲಿಯೂ ಹಾಗೇ.

ಕೆಲವು ವಾರ ಕಳೆಯುವುದರಲ್ಲಿ ಹೊಟ್ಟೆ ಹಿಂಡಿದ ಹಾಗೆ ನೋವು, ಮಲಬದ್ಧತೆ. ಕೂದಲು ಇನ್ನೂ ಜಾಸ್ತಿ ಉದುರಿತು. ಫೋನ್ ಮಾಡಿದರೆ, "ಹಳೇ ಕೂದಲು ಹೋಗ್ಬೇಕು, ಆಮೇಲೆ ಹೊಸದು ಬರುತ್ತೆ" ಅಂದರು. ಈ ಮಾತು ಎಷ್ಟು ಅನುಕೂಲದ್ದು ಅಲ್ವಾ? ಉದುರಿದರೂ ಔಷಧಿ ಕೆಲಸ ಮಾಡುತ್ತಿದೆ, ನಿಂತರೂ ಔಷಧಿಯೇ ಕೆಲಸ ಮಾಡಿದ್ದು. ಜ್ವರ, ಹೆರಿಗೆ, ದೊಡ್ಡ ಆಪರೇಷನ್ ಆಗಿ ಎರಡು ಮೂರು ತಿಂಗಳಿಗೆ ಶುರುವಾಗುವ ಉದುರುವಿಕೆ ಸಾಮಾನ್ಯವಾಗಿ ಆರು ತಿಂಗಳ ಒಳಗೆ ತಾನಾಗಿಯೇ ಕಡಿಮೆ ಆಗುತ್ತದೆ. ಆ ಹೆಸರನ್ನೂ ಪ್ಯಾಕೇಜಿನವರೇ ತಗೊಳ್ಳುತ್ತಾರೆ.

ಒಂದು ದಿನ ತಂಗಿ ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಾ ಕೂತುಬಿಟ್ಟಳು. ಮಾರನೇ ದಿನವೇ ಅವಳನ್ನು ಸಯ್ಯಾಜಿರಾವ್ ರಸ್ತೆಯ ಸರ್ಕಾರಿ ಆಯುರ್ವೇದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನ ಆಯುರ್ವೇದ ಕಾಲೇಜು 1908ರಿಂದ ಇದೆ. ನಮ್ಮಜ್ಜಿಯ ಕಾಲದಿಂದಲೂ ನಮ್ಮ ಮನೆಯವರು ಹೋಗುವ ಜಾಗ.

ಡಾಕ್ಟರಮ್ಮ ಕೂದಲನ್ನು ಆಮೇಲೆ ನೋಡಿದರು. ಮೊದಲು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಉಗುರು ನೋಡಿದರು. "ಮುಟ್ಟು ಎಷ್ಟು ದಿನ ಇರುತ್ತಮ್ಮಾ?" ಅಂದರು. "ಎಂಟು ದಿನ ಮೇಡಂ, ಜಾಸ್ತಿನೇ ಹೋಗುತ್ತೆ." "ಹಸಿ ಅಕ್ಕಿ ತಿನ್ನೋ ಆಸೆ ಆಗುತ್ತಾ?" ತಂಗಿ ನನ್ನ ಮುಖ ನೋಡಿದಳು. ಅಡುಗೆಮನೆಯಲ್ಲಿ ಅಕ್ಕಿ ಡಬ್ಬಿಗೆ ಕೈಹಾಕಿ ತಿನ್ನುತ್ತಿದ್ದಳಂತೆ, ಯಾರಿಗೂ ಹೇಳಿರಲಿಲ್ಲ. ಅದು ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆ ಆದಾಗ ಬರುವ ಆಸೆಯಂತೆ.

ಅವರೇ ರಕ್ತ ಪರೀಕ್ಷೆಗೆ ಬರೆದರು. ಹಿಮೋಗ್ಲೋಬಿನ್ 7.8. ಹೆಂಗಸರಿಗೆ 12 ಆದರೂ ಇರಬೇಕು. ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಬರೀ 6. ಥೈರಾಯ್ಡ್ ಸರಿ ಇತ್ತು. ಸ್ಕ್ಯಾನ್ ಮಾಡಿಸಿದಾಗ ಗರ್ಭಕೋಶದಲ್ಲಿ ಗಡ್ಡೆ, ಫೈಬ್ರಾಯ್ಡ್. ತಿಂಗಳು ತಿಂಗಳೂ ರಕ್ತ ಹೋಗಿ ಹೋಗಿ ಮೈಯಲ್ಲಿ ಏನೂ ಉಳಿದಿರಲಿಲ್ಲ. ಕಬ್ಬಿಣದ ಅಂಶ ಕಮ್ಮಿ ಆದಾಗ ಕೂದಲು ಉದುರುವುದೂ ಉಂಟು. ಇಷ್ಟನ್ನು ಬಿಟ್ಟು ಆ ಮಹಡಿಯವರು ತಲೆಗೆ ಎಣ್ಣೆ ಹಚ್ಚುತ್ತಾ ಕೂತಿದ್ದರು!

ಬೂದಿ ಪುಡಿಯನ್ನೂ ತೋರಿಸಿದೆವು. ಡಾಕ್ಟರಮ್ಮನ ಮುಖ ಗಂಭೀರ ಆಯಿತು. ಆಯುರ್ವೇದದಲ್ಲಿ ಪಾದರಸ, ಸೀಸ ಸೇರಿದ ರಸೌಷಧಿಗಳೂ ಭಸ್ಮಗಳೂ ಇವೆ, ಅವನ್ನು ಶುದ್ಧಿ ಮಾಡಿ, ಅಳತೆ ನೋಡಿ, ವೈದ್ಯರ ಕಣ್ಣೆದುರಲ್ಲೇ ಕೊಡಬೇಕು ಅಂದರು. ಇದರಲ್ಲಿ ಏನಿದೆ ಅಂತ ಲ್ಯಾಬಿಗೆ ಹಾಕದೆ ಹೇಳಲಾಗುವುದಿಲ್ಲ, ಈಗಲೇ ನಿಲ್ಲಿಸಿ ಅಂದರು. ಸೀಸ ಮೈಗೆ ಸೇರಿದರೆ ಹೊಟ್ಟೆನೋವು, ಮಲಬದ್ಧತೆ ಬರುತ್ತದೆ, ರಕ್ತವೂ ಕಡಿಮೆ ಆಗುತ್ತದೆ. ಬಸುರಿಯಾದರೆ ಹೊಟ್ಟೆಯಲ್ಲಿರುವ ಮಗುವಿಗೂ ಹೋಗುತ್ತದೆ. ನಮ್ಮ ಪುಣ್ಯಕ್ಕೆ ಪುಡಿ ನಿಲ್ಲಿಸಿದ ಮೇಲೆ ಅವಳ ಹೊಟ್ಟೆನೋವು ಹೋಯಿತು.

ಈಗ ಅವಳು ಕಬ್ಬಿಣದ ಮಾತ್ರೆ ತಗೊಳ್ಳುತ್ತಿದ್ದಾಳೆ, ಸ್ತ್ರೀರೋಗ ತಜ್ಞರು ರಕ್ತಸ್ರಾವ ಕಡಿಮೆ ಆಗಲು ಔಷಧಿ ಕೊಟ್ಟಿದ್ದಾರೆ. ಮಾತ್ರೆಯ ಜೊತೆ ಕಾಫಿ ಟೀ ಕುಡಿಯಬೇಡಿ, ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ನಿಂಬೆಹಣ್ಣು, ನೆಲ್ಲಿಕಾಯಿ ಒಳ್ಳೆಯದು. ಹಣೆಯ ಅಂಚಿನಲ್ಲಿ ಸಣ್ಣ ಸಣ್ಣ ಕೂದಲು ಎದ್ದು ನಿಂತಿದೆ. ಕೂದಲು ಬೆಳೆಯುವುದೇ ತಿಂಗಳಿಗೆ ಹೆಚ್ಚು ಕಡಿಮೆ ಒಂದು ಸೆಂಟಿಮೀಟರ್. ಹದಿನೈದು ದಿನದಲ್ಲಿ ಮೊಣಕಾಲವರೆಗೆ ಜಡೆ ಬರುತ್ತೆ ಅನ್ನುವವರನ್ನು ನಂಬಬೇಡಿ.

ನಾನು ಆಯುರ್ವೇದವನ್ನು ಬೈಯುತ್ತಿಲ್ಲ. ಗರಗದ ಸೊಪ್ಪು ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ನಮ್ಮ ಮನೆಯಲ್ಲಿ ಇವತ್ತಿಗೂ ಇದೆ. ದಾಸವಾಳದ ಎಲೆಯ ಲೋಳೆ, ಸೀಗೆಪುಡಿ ಎಲ್ಲ ಇದೆ. ಕೂದಲು ಒರಟಾಗದೆ, ತುಂಡಾಗದೆ ಇರಲು ಅವು ಚೆನ್ನಾಗಿವೆ. ಆದರೆ ರಕ್ತ ಕಮ್ಮಿ ಇದ್ದರೆ, ಥೈರಾಯ್ಡ್ ಇದ್ದರೆ, ಪಿಸಿಒಡಿ (ಅಂಡಾಶಯದ, ಹಾರ್ಮೋನಿನ ತೊಂದರೆ) ಇದ್ದರೆ ಎಣ್ಣೆ ಏನು ಮಾಡುತ್ತೆ ಹೇಳಿ?

ಹೋಗುವ ಮೊದಲು ಕೇಳಿ: ನೀವು ಬಿ.ಎ.ಎಂ.ಎಸ್. (ಆಯುರ್ವೇದ ವೈದ್ಯರ ಪದವಿ) ಓದಿದ್ದೀರಾ, ನೋಂದಣಿ ಸಂಖ್ಯೆ ಎಷ್ಟು? ಕ್ಲಿನಿಕ್‌ಗೆ ಕೆ.ಪಿ.ಎಂ.ಇ. (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಇರಬೇಕು, ಆ ಪ್ರಮಾಣಪತ್ರವನ್ನು ಕಾಣುವ ಹಾಗೆ ಹಾಕಿರಬೇಕು. ತಯಾರಿಸಿ ಮಾರುವ ಆಯುರ್ವೇದ ಔಷಧಿಯ ಮೇಲೆ ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಕರ ವಿಳಾಸ, ಒಳಗೆ ಏನೇನಿದೆ ಅನ್ನುವುದು ಇರಬೇಕು. ಕೇಳಿದ್ದಕ್ಕೆ ಸಿಟ್ಟು ಮಾಡಿಕೊಂಡರೆ ಸುಮ್ನೆ ಎದ್ದು ಬನ್ನಿ.

ನಾವು ಜಿಲ್ಲಾ ಆಯುಷ್ ಕಚೇರಿಗೆ ದೂರು ಕೊಟ್ಟಿದ್ದೇವೆ. ಅಂಥ ಪುಡಿ ನಿಮ್ಮ ಮನೆಯಲ್ಲೂ ಇದ್ದರೆ ಇವತ್ತೇ ನಿಲ್ಲಿಸಿ, ಆದರೆ ಎಸೆಯಬೇಡಿ. ಕವರ್, ಚೀಟಿ, ದುಡ್ಡು ಕಳಿಸಿದ ಮೆಸೇಜ್ ಎಲ್ಲ ಇಟ್ಟುಕೊಳ್ಳಿ. ಬಸುರಿಯರು, ಎದೆಹಾಲು ಕೊಡುತ್ತಿರುವವರು ತಗೊಂಡಿದ್ದರೆ ಪುಡಿಯನ್ನೂ ಹಿಡಿದುಕೊಂಡು ನಾಳೆಯೇ ಡಾಕ್ಟರ ಹತ್ತಿರ ಹೋಗಿ.