ಡಲ್ಲಾಸಾ, ಸ್ಯಾನ್ ಹೋಸೆಯಾ? ಸಂಬಳದ ಜೊತೆ ಇದನ್ನೂ ನೋಡಿ

ಅಮೆರಿಕದಲ್ಲಿ ವೀಸಾದ ಮೇಲಿರುವವರು ಬಾಡಿಗೆ, ಸ್ಕೂಲು ಎಲ್ಲ ಹೋಲಿಸಿ ನೋಡುತ್ತಾರೆ, ಜೈಲಿನ ನಿಯಮ ಯಾರು ನೋಡ್ತಾರೆ ಅಲ್ವಾ? ಯಾವುದೋ ಕೇಸಿನಲ್ಲಿ ಒಳಗೆ ಹೋಗಿ, ಜಾಮೀನು ಸಿಕ್ಕಿ ಹೊರಡುವ ಹೊತ್ತಿಗೆ 'ಇನ್ನೂ 48 ಗಂಟೆವರೆಗೆ ಇಟ್ಟುಕೊಳ್ಳಿ' ಅಂತ ಐಸ್ (ಕೇಂದ್ರ ಸರ್ಕಾರದ ವಲಸೆ ಜಾರಿ ಇಲಾಖೆ) ಜೈಲಿಗೆ ಐ-247ಎ ಫಾರ್ಮ್ ಕಳಿಸಬಹುದು. ಅದಕ್ಕೆ ಸಹಿ ಹಾಕುವುದು ವಲಸೆ ಅಧಿಕಾರಿ, ಜಡ್ಜ್ ಅಲ್ಲ.

ಡಲ್ಲಾಸ್ ಇರುವ ಟೆಕ್ಸಸ್‌ನಲ್ಲಿ, 2017ರ ಎಸ್‌ಬಿ 4 ಅನ್ನುವ ರಾಜ್ಯದ ಕಾನೂನಿನ ಪ್ರಕಾರ ಜೈಲಿನವರು ಅದನ್ನು ಪಾಲಿಸಲೇಬೇಕು. ಇಲ್ಲದಿದ್ದರೆ ದಂಡ 25,500 ಡಾಲರ್‌ವರೆಗೂ ಏರುತ್ತದೆ, ಜೈಲು ನಡೆಸುವ ಶೆರಿಫ್ (ಕೌಂಟಿಯ, ಅಂದರೆ ಜಿಲ್ಲೆಯ ಪೊಲೀಸ್ ಮುಖ್ಯಸ್ಥ) ಕುರ್ಚಿಗೂ ಕುತ್ತು. ಪಾಲಿಸಿದ್ದಕ್ಕೆ ಯಾರಾದರೂ ಕೇಸು ಹಾಕಿದರೆ ರಾಜ್ಯವೇ ಅವರ ಪರ ವಾದಿಸುತ್ತದೆ. ಕಾನೂನುಬದ್ಧವಾಗಿ ಇದ್ದೀರಿ ಅನ್ನುವ ದಾಖಲೆ ತೋರಿಸಿದರೆ ಈ ಕಡ್ಡಾಯ ಇಲ್ಲ. ಹಾಗಾಗಿ ಅಲ್ಲಿ ಪೇಪರ್ ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

ಸ್ಯಾನ್ ಹೋಸೆ ಇರುವ ಕ್ಯಾಲಿಫೋರ್ನಿಯಾ ಪೂರ್ತಿ ಉಲ್ಟಾ. ಅಲ್ಲಿನ ಎಸ್‌ಬಿ 54 ಕಾನೂನು, ಬರೀ ಈ ಫಾರ್ಮ್ ನೋಡಿ ಯಾರನ್ನೂ ಹಿಡಿದಿಡಬೇಡಿ ಅನ್ನುತ್ತದೆ. ಪೊಲೀಸರಿಗೂ ಭಯ ಇದೆ: ಪಕ್ಕದ ಆರೆಗಾನ್‌ನ ಕ್ಲಾಕಮಸ್ ಕೌಂಟಿ ಹೀಗೆ ಹಿಡಿದಿಟ್ಟಿದ್ದಕ್ಕೆ, 2014ರಲ್ಲಿ ಫೆಡರಲ್ ಕೋರ್ಟು ಅದು ಸಂವಿಧಾನದ ನಾಲ್ಕನೇ ತಿದ್ದುಪಡಿಯ (ಸಕಾರಣವಿಲ್ಲದೆ ಹಿಡಿದಿಡಬಾರದು ಅನ್ನುವುದು) ಉಲ್ಲಂಘನೆ, ಕೌಂಟಿಯೇ ಹೊಣೆ ಎಂದಿತು.

ಇದೊಂದನ್ನೇ ನೋಡಿದರೆ ನನ್ನ ಓಟು ಸ್ಯಾನ್ ಹೋಸೆಗೆ. ಆದರೆ ಐಸ್‌ನವರು ಜೈಲಿನ ಹೊರಗೆ, ರಸ್ತೆಯಲ್ಲಿ ತಾವೇ ಹಿಡಿಯುವುದನ್ನು ಎಸ್‌ಬಿ 54 ತಡೆಯುವುದಿಲ್ಲ.