ಆರ್‌ವಿ ಪಾರ್ಕ್ ಸದಸ್ಯತ್ವ: ಸಹಿ ಹಾಕುವ ಮುನ್ನ ದಯವಿಟ್ಟು ಇದನ್ನು ಓದಿ

ಬೇಸಿಗೆಯಲ್ಲಿ ಊರಿನಿಂದ ಬರುವ ತಂದೆತಾಯಿಯರನ್ನು, ಮಲಗುವ, ಅಡುಗೆ ಮಾಡುವ ಸೌಕರ್ಯವಿರುವ ವಾಹನವಾದ ಆರ್‌ವಿಯಲ್ಲಿ ಕೂರಿಸಿಕೊಂಡು ಅಮೆರಿಕದ ರಾಷ್ಟ್ರೀಯ ಉದ್ಯಾನಗಳನ್ನು ತೋರಿಸಬೇಕೆಂದಿರುವ ಇಲ್ಲಿನ ಕನ್ನಡಿಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. "ನೂರಾರು ಪಾರ್ಕುಗಳಲ್ಲಿ ರಾತ್ರಿಗೆ ಕೇವಲ 15 ಡಾಲರ್" ಎಂದು ನಂಬಿಸಿ ಇಂಥ ವಾಹನಗಳು ರಾತ್ರಿ ತಂಗುವ ಪಾರ್ಕುಗಳ ಸದಸ್ಯತ್ವ ಮಾರುವ ಸಂಸ್ಥೆಯೊಂದು ನಮ್ಮಿಂದ ಮೂರು ಸಾವಿರ ಡಾಲರಿಗೂ ಮೇಲ್ಪಟ್ಟು ಕಿತ್ತುಕೊಂಡಿದೆ. ಕಿತ್ತುಕೊಂಡಿದೆ ಎಂಬ ಮಾತನ್ನು ಯೋಚಿಸಿಯೇ ಬಳಸಿದ್ದೇನೆ. ನಮ್ಮ ದೂರು ಇನ್ನೂ ಇತ್ಯರ್ಥವಾಗದಿರುವುದರಿಂದ ಸಂಸ್ಥೆಯ ಹೆಸರನ್ನು ಇಲ್ಲಿ ಹಾಕುತ್ತಿಲ್ಲ. ಹೆಸರು ತಿಳಿಯದಿದ್ದರೂ ನಷ್ಟವಿಲ್ಲ, ಅವರ ವ್ಯಾಪಾರದ ರೀತಿಯನ್ನು ತಿಳಿದುಕೊಂಡರೆ ಸಾಕು.

ಟ್ರೇಲರ್ ಎಳೆದುಕೊಂಡು ಹೊರಡುವವರು ಪಾರ್ಕನ್ನು ಹೇಗೆ ಆರಿಸುತ್ತಾರೆಂಬುದು ನಿಮಗೆ ಗೊತ್ತೇ ಇದೆ. ಮೊದಲು ನೋಡಬೇಕಾದ ಜಾಗ ಯಾವುದೆಂದು ತೀರ್ಮಾನವಾಗುತ್ತದೆ, ಆಮೇಲೆ ನಮ್ಮ ಗಾಡಿಯ ಉದ್ದಕ್ಕೆ ಸೈಟ್ (ಗಾಡಿ ನಿಲ್ಲಿಸುವ ಜಾಗ) ಸಾಲುತ್ತದೆಯೇ, ವಿದ್ಯುತ್ 30 ಆಂಪಿನದೋ 50 ಆಂಪಿನದೋ (ಏಸಿ, ಅಡುಗೆಯ ಉಪಕರಣ ಒಟ್ಟಿಗೆ ಓಡಲು ಹೆಚ್ಚು ಆಂಪ್ ಬೇಕು), ನೀರು ಮತ್ತು ಕೊಳಚೆಯ ಸಂಪರ್ಕ ಸೈಟಿನಲ್ಲೇ ಇದೆಯೋ ಅಥವಾ ಹೊರಡುವಾಗ ಕೊಳಚೆ ಸುರಿಯುವ ಡಂಪ್ ಸ್ಟೇಷನ್ನಿನ ಸಾಲಿನಲ್ಲಿ ನಿಲ್ಲಬೇಕೋ ಎಂಬುದನ್ನೆಲ್ಲ ನೋಡಿ, ಕೊನೆಗೆ ದರ ನೋಡುತ್ತೇವೆ. ರಾಷ್ಟ್ರೀಯ ಉದ್ಯಾನಗಳ ಒಳಗೆ ಈ ಸೌಕರ್ಯಗಳು ಬಹಳ ಕಡಿಮೆ. ಯೊಸೆಮಿಟಿಯ ಕ್ಯಾಂಪುಗಳಲ್ಲಿ ವಿದ್ಯುತ್ ಸಂಪರ್ಕವಿರುವ ಸೈಟ್ ಒಂದೂ ಇಲ್ಲ. ಅಷ್ಟು ದೊಡ್ಡ ಯೆಲ್ಲೊಸ್ಟೋನಿನಲ್ಲಿ ಈ ಸಂಪರ್ಕಗಳು, ಅಂದರೆ ಹುಕ್‌ಅಪ್ ಇರುವುದು ಫಿಶಿಂಗ್ ಬ್ರಿಜ್ ಒಂದರಲ್ಲಿ ಮಾತ್ರ. ಯೂಟಾ ರಾಜ್ಯದ ಜಯಾನಿನ ವಾಚ್‌ಮನ್ ಕ್ಯಾಂಪಿನಲ್ಲಿ ವಿದ್ಯುತ್ ಇರುವ ಸೈಟುಗಳಿದ್ದರೂ ಅವುಗಳಿಗೆ ಆರು ತಿಂಗಳು ಮೊದಲೇ ಜನ ಕಾದು ಕುಳಿತಿರುತ್ತಾರೆ. ಯೂಟಾದ ಬೇಸಿಗೆಯಲ್ಲಿ ಉಷ್ಣಾಂಶ 38 ಡಿಗ್ರಿ ದಾಟುವಾಗ ವಯಸ್ಸಾದವರನ್ನು ಏಸಿ ಇಲ್ಲದ ಟ್ರೇಲರಿನಲ್ಲಿ ಮಲಗಿಸುವಂತಿಲ್ಲವಾದ್ದರಿಂದ ಖಾಸಗಿ ಪಾರ್ಕುಗಳೇ ಗತಿ, ಅಲ್ಲಿ ಆ ದಿನಗಳಲ್ಲಿ ರಾತ್ರಿಗೆ 80 ಡಾಲರ್, 100 ಡಾಲರ್ ಕೇಳುವುದೂ ಸಾಮಾನ್ಯ. ಈ ಸಂಸ್ಥೆಗಳು ಗಾಳ ಹಾಕುವುದು ಸರಿಯಾಗಿ ಈ ಇಕ್ಕಟ್ಟಿಗೆ.

ಆರ್‌ವಿ ಪ್ರದರ್ಶನವೊಂದರಲ್ಲಿ ನಮಗೆ ಉಚಿತ ತಂಗುವಿಕೆಯ ಕೂಪನ್ ಕೊಟ್ಟರು. ಅವರ ಪಾರ್ಕಿನಲ್ಲಿ ಎರಡು ರಾತ್ರಿ ಉಳಿಯಬಹುದು, ಬದಲಿಗೆ ಒಂದೂವರೆ ಗಂಟೆಯ ಪರಿಚಯ ಕಾರ್ಯಕ್ರಮದಲ್ಲಿ ಕೂರಬೇಕು, ಅಷ್ಟೇ. ಆ ಒಂದೂವರೆ ಗಂಟೆ ಇಡೀ ಮಧ್ಯಾಹ್ನವನ್ನು ನುಂಗಿಹಾಕಿತು. ಗೋಡೆಯ ಮೇಲೆ ಅಮೆರಿಕದ ದೊಡ್ಡ ನಕ್ಷೆ, ಅದರ ತುಂಬ ಹಸಿರು ಚುಕ್ಕೆಗಳು. ಪ್ರತಿ ಚುಕ್ಕೆಯೂ ಒಂದು ಪಾರ್ಕ್ ಎಂದು ಮಾರಾಟಗಾರ ವಿವರಿಸಿದ. ನಾವು ಎಲ್ಲಿಗೆ ಹೋಗಬೇಕೆಂದಿದ್ದೇವೆಂದು ಕೇಳಿ, ಜಯಾನ್, ಆರ್ಚಸ್ ರಾಷ್ಟ್ರೀಯ ಉದ್ಯಾನದ ಪಕ್ಕದ ಊರಾದ ಮೋಆಬ್ ಎಂದೊಡನೆ ಆ ಜಾಗಗಳ ಹತ್ತಿರದ ಚುಕ್ಕೆಗಳಿಗೆ ಬೆರಳಿಟ್ಟು ತೋರಿಸಿದ. ಕಾಗದದ ಮೇಲೆ ದಪ್ಪ ಪೆನ್ನಿನಲ್ಲಿ 6,995 ಎಂದು ಬರೆದು ಹೊಡೆದುಹಾಕಿದ, 4,995 ಎಂದು ಬರೆದು ಅದನ್ನೂ ಹೊಡೆದುಹಾಕಿದ, ನಂತರ ಒಳಗಿನಿಂದ ಬಂದ ಮೇಲಧಿಕಾರಿಯೊಬ್ಬ ಏನೋ ದೊಡ್ಡ ಉಪಕಾರ ಮಾಡುವವನಂತೆ 2,995 ಎಂದು ಬರೆದು, ಇದು ಇವತ್ತಿನ ಮಟ್ಟಿಗೆ ಮಾತ್ರ ಎಂದ. ವಾರ್ಷಿಕ ಶುಲ್ಕ ಬೇರೆ.

ಅಮೆರಿಕದ ಕೇಂದ್ರ ಸರಕಾರ ರಾಷ್ಟ್ರೀಯ ಉದ್ಯಾನಗಳಿಗೆ ಕೊಡುವ ಹಿರಿಯರ ಪಾಸ್ ಅಗ್ಗವಲ್ಲವೇ ಎಂದು ನನ್ನ ಹೆಂಡತಿ ಕೇಳಿದಳು. 80 ಡಾಲರಿಗೆ ಜೀವನಪೂರ್ತಿ ನಡೆಯುವ ಆ ಪಾಸ್ ಇದ್ದರೆ ಅನೇಕ ಸರಕಾರಿ ಕ್ಯಾಂಪುಗಳಲ್ಲಿ ತಂಗುವ ಶುಲ್ಕ ಅರ್ಧವಾಗುತ್ತದೆ. ಮಾರಾಟಗಾರ ನಕ್ಕು, "ಅದು 62 ವರ್ಷ ದಾಟಿದ ಇಲ್ಲಿನ ಪೌರರಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ನಿಮ್ಮ ಅತ್ತೆಮಾವ ಪ್ರವಾಸಿ ವೀಸಾದಲ್ಲಿ ಬಂದವರಲ್ಲವೇ? ನಮ್ಮಲ್ಲಿ ಅಂಥ ಭೇದವಿಲ್ಲ, ಇಡೀ ಕುಟುಂಬ ಸದಸ್ಯರೇ" ಎಂದ. ಅವನು ಹೇಳಿದ್ದರಲ್ಲಿ ಪಾಸಿನ ವಿಚಾರ ನಿಜ. ಉಳಿದ ಮಾತುಗಳನ್ನು ನಂಬಿಸಲು ಆ ಒಂದು ನಿಜವನ್ನು ಎಷ್ಟು ಚೆನ್ನಾಗಿ ಬಳಸಿಕೊಂಡನೆಂದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅಂತೂ ಅಲ್ಲೇ ಸಹಿ ಹಾಕಿದೆವು. ಒಪ್ಪಂದವನ್ನು ರದ್ದುಪಡಿಸಲು ಮೂರು ದಿನಗಳ ಗಡುವಿತ್ತು. ಸೈಟ್ ಕಾದಿರಿಸಲು ಬೇಕಾದ ಸದಸ್ಯ ಸಂಖ್ಯೆ, ಪಾರ್ಕುಗಳ ಪಟ್ಟಿ, ನಿಯಮಗಳ ಪುಸ್ತಕ ಎಲ್ಲವೂ ಅಂಚೆಯಲ್ಲಿ ಬಂದದ್ದು ಆ ಗಡುವು ಮುಗಿದ ಮೇಲೆ. ಇದನ್ನು ಇನ್ನೊಮ್ಮೆ ಹೇಳುತ್ತೇನೆ, ಏಕೆಂದರೆ ಇಡೀ ವ್ಯವಹಾರದ ಕೀಲು ಇರುವುದೇ ಇಲ್ಲಿ: ಹಣ ವಾಪಸ್ ಕೇಳುವ ಹಕ್ಕು ಇರುವಷ್ಟು ಕಾಲ ನೀವು ಒಂದೇ ಒಂದು ಸೈಟನ್ನೂ ಕಾದಿರಿಸಿ ಪರೀಕ್ಷಿಸಲಾರಿರಿ, ಪರೀಕ್ಷಿಸಲು ಸಾಧ್ಯವಾಗುವ ಹೊತ್ತಿಗೆ ಆ ಹಕ್ಕು ಇರುವುದಿಲ್ಲ.

ಮೋಆಬಿಗೆ ಜೂನ್ ತಿಂಗಳಿನ ದಿನಾಂಕಗಳನ್ನು ಕೇಳಿ ಅವರ ಕರೆ ಕೇಂದ್ರಕ್ಕೆ ಫೋನ್ ಮಾಡಿದೆ. ಸದಸ್ಯರು ನೇರವಾಗಿ ಪಾರ್ಕಿಗೆ ಕರೆ ಮಾಡುವಂತಿಲ್ಲ, ಎಲ್ಲವೂ ಕೇಂದ್ರದ ಮೂಲಕವೇ ಆಗಬೇಕಂತೆ. ಆ ಕಡೆಯ ಹೆಣ್ಣುಮಗಳು ಬಹಳ ವಿನಯದಿಂದ "ಆ ಪಾರ್ಕ್ ಭರ್ತಿಯಾಗಿದೆ ಸರ್" ಎಂದಳು. ಅದೇ ಹೊತ್ತಿಗೆ ನನ್ನ ಮುಂದಿದ್ದ ಲ್ಯಾಪ್‌ಟಾಪಿನಲ್ಲಿ ಅದೇ ಪಾರ್ಕಿನ ಕಾಯ್ದಿರಿಸುವ ನಕ್ಷೆ ತೆರೆದಿತ್ತು. ಅದೇ ರಾತ್ರಿಗಳು, 50 ಆಂಪಿನ ಸೈಟುಗಳು, ಒಂದಲ್ಲ ಎರಡಲ್ಲ, ಸಾಲುಸಾಲಾಗಿ ಖಾಲಿ, ರಾತ್ರಿಗೆ 92 ಡಾಲರ್. ಹಾಗೆಂದು ಅವಳಿಗೆ ಹೇಳಿದೆ.

"ನಿಮಗೆ ಕಾಣುತ್ತಿರುವುದು ಸಾರ್ವಜನಿಕರ ಸೈಟುಗಳು ಸರ್. ನಾನು ಹೇಳುತ್ತಿರುವುದು ಸದಸ್ಯರ ಸೈಟುಗಳ ಬಗ್ಗೆ. ಅವು ಭರ್ತಿಯಾಗಿವೆ."

ಸದಸ್ಯರಿಗೆಂದು ಎಷ್ಟು ಸೈಟುಗಳಿವೆ ಎಂದು ಕೇಳಿದೆ. ಅದನ್ನು ಪಾರ್ಕ್ ನಿರ್ಧರಿಸುತ್ತದೆ ಎಂದಳು. ಹಾಗಾದರೆ ಪಾರ್ಕನ್ನೇ ಕೇಳಲೇ ಎಂದರೆ, ಸದಸ್ಯರು ಪಾರ್ಕನ್ನು ನೇರವಾಗಿ ಸಂಪರ್ಕಿಸುವುದು ನಿಯಮಕ್ಕೆ ವಿರುದ್ಧ ಎಂದಳು. ಸದಸ್ಯರ ಸೈಟು ಎಂಬುದು ಒಂದು ಇದೆಯೋ, ಸೊನ್ನೆಯೋ ಎಂದು ತಿಳಿಯುವ ದಾರಿಯೇ ನನಗಿಲ್ಲ. ಬೇಕಿದ್ದರೆ 92 ಡಾಲರ್ ಕೊಟ್ಟು ಸಾರ್ವಜನಿಕನಾಗಿ ಹೋಗಬಹುದು ಎಂಬ ಸಲಹೆಯನ್ನೂ ಅವಳೇ ಕೊಟ್ಟಳು, ಅದೂ ಅಷ್ಟೇ ವಿನಯದಿಂದ.

ಪಕ್ಕದಲ್ಲಿ ಕುಳಿತಿದ್ದ ಅಪ್ಪ ನಿವೃತ್ತ ಬ್ಯಾಂಕ್ ಅಧಿಕಾರಿ. ಫೋನ್ ಇಟ್ಟ ಮೇಲೆ, "ಅಲ್ಲೋ, ದುಡ್ಡು ಕಟ್ಟಿ ಸದಸ್ಯನಾದವನಿಗೆ ಜಾಗ ಇಲ್ಲ, ಬೀದಿಯಲ್ಲಿ ಹೋಗುವವನಿಗೆ ಇದೆ. ಇದ್ಯಾವ ಲೆಕ್ಕವೋ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಅಪ್ಪನ ಎದುರು ಹಾಗೆ ಬಾಯಿ ಕಟ್ಟಿ ಕೂರುವಂತೆ ಮಾಡಿದ್ದಕ್ಕೆ ನಾನು ಆ ಸಂಸ್ಥೆಯನ್ನು ಕ್ಷಮಿಸುವುದಿಲ್ಲ.

ಕೊನೆಗೆ ಅವರು ಕೊಟ್ಟದ್ದು ಮೋಆಬಿನಿಂದ ಎರಡು ಗಂಟೆ ದೂರದ, ಹೆದ್ದಾರಿಯ ಪಕ್ಕದ ಒಂದು ಪಾರ್ಕ್. ನಕ್ಷೆಯಲ್ಲಿ ಅದೂ ಹಸಿರು ಚುಕ್ಕೆಯೇ. 15 ಡಾಲರಿನ ಮೇಲೆ ನಿರ್ವಹಣಾ ಶುಲ್ಕ, ವಿದ್ಯುತ್ ಶುಲ್ಕ, ಮೂರನೆಯ ಮತ್ತು ನಾಲ್ಕನೆಯ ವ್ಯಕ್ತಿಗೆ ತಲಾ ಇಷ್ಟೆಂದು ಸೇರಿ ರಾತ್ರಿಗೆ 41 ಡಾಲರ್ ಆಯಿತು, ಅಪ್ಪ ಅಮ್ಮನಿಗೂ ಪ್ರತ್ಯೇಕ ಶುಲ್ಕ ಎಂದಮೇಲೆ "ಇಡೀ ಕುಟುಂಬ ಸದಸ್ಯರೇ" ಎಂಬ ಮಾತು ಎಲ್ಲಿ ಹೋಯಿತೋ. ಸದಸ್ಯರಿಗೆ 30 ಆಂಪಿನ ಸಾಲು ಮಾತ್ರ. ಸಂಜೆ ಏಸಿ ಓಡುತ್ತಿರುವಾಗ ಅಮ್ಮ ಅನ್ನಕ್ಕಿಟ್ಟು ರೈಸ್ ಕುಕ್ಕರಿನ ಗುಂಡಿ ಒತ್ತಿದರು, ಮೈಕ್ರೋವೇವಿನಲ್ಲಿ ಸಾರು ಬಿಸಿಗಿಟ್ಟೊಡನೆ ಹೊರಗಿನ ಕಂಬದ ಬ್ರೇಕರ್ ಟಕ್ಕೆಂದು ಬಿತ್ತು. ಆಮೇಲೆ ಅಲ್ಲಿದ್ದಷ್ಟು ದಿನವೂ ಅನ್ನ ಬೇಯಬೇಕಾದರೆ ಏಸಿ ಆರಿಸಿ, ಟ್ರೇಲರಿನ ಹೊರಗೆ ಬಿಸಿಗಾಳಿಯಲ್ಲಿ ಕುಳಿತಿರಬೇಕಾಯಿತು. ಆರ್ಚಸ್ ನೋಡಲು ಹೋಗಿಬರುವುದಕ್ಕೆ ನಾಲ್ಕು ಗಂಟೆಯ ದಾರಿ, ಅದಕ್ಕೆ ಸುಟ್ಟ ಡೀಸೆಲ್ ಸೇರಿಸಿದರೆ 92 ಡಾಲರಿನ ಸೈಟೇ ಅಗ್ಗವಾಗುತ್ತಿತ್ತು. ಪಕ್ಕದ ಸೈಟಿನ ವೃದ್ಧ ದಂಪತಿ ಯಾವ ಸದಸ್ಯತ್ವವೂ ಇಲ್ಲದೆ ವಾರದ ದರ ಕೇಳಿ ಬಂದಿದ್ದರು: ಆರು ರಾತ್ರಿಯ ಹಣಕ್ಕೆ ಏಳು ರಾತ್ರಿ, 50 ಆಂಪ್, ಮರದ ನೆರಳು. ಅವರ ಲೆಕ್ಕಕ್ಕೆ ರಾತ್ರಿಗೆ 38 ಡಾಲರ್ ಬಿದ್ದಿತ್ತು. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ಅಲ್ಲಿ ಕುಳಿತು ಅಪ್ಪ ಕನ್ನಡಕ ಏರಿಸಿಕೊಂಡು ನಿಯಮಗಳ ಪುಸ್ತಕವನ್ನು ಸಾಲುಸಾಲಾಗಿ ಓದಿದರು, ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಹೋದರು. ನಮ್ಮ ಮೂಲ ಪಾರ್ಕಿನಿಂದ (ಸದಸ್ಯತ್ವ ಕೊಂಡ ಪಾರ್ಕಿನಿಂದ) 125 ಮೈಲಿಯೊಳಗಿನ ಯಾವ ಸಹಯೋಗಿ (ಸಂಸ್ಥೆಯ ಜೊತೆ ಕೈಜೋಡಿಸಿದ ಬೇರೆಯವರ) ಪಾರ್ಕಿನಲ್ಲೂ ಸದಸ್ಯ ದರವಿಲ್ಲ. ಮೆಮೋರಿಯಲ್ ಡೇ, ಜುಲೈ 4, ಲೇಬರ್ ಡೇ ರಜೆಗಳ ವಾರಾಂತ್ಯಗಳಲ್ಲಿ ಎಲ್ಲಿಯೂ ಇಲ್ಲ. ಒಂದು ಸಹಯೋಗಿ ಪಾರ್ಕಿಗೆ ವರ್ಷಕ್ಕೆ ಒಂದೇ ಸಲ. ಯಾವ ಪಾರ್ಕ್ ಬೇಕಾದರೂ ಯಾವಾಗ ಬೇಕಾದರೂ ಪಟ್ಟಿಯಿಂದ ಹೊರಗೆ ಹೋಗಬಹುದು, ಅದಕ್ಕೆ ಸಂಸ್ಥೆ ಹೊಣೆಯಲ್ಲ. ಆದರೆ ವಾರ್ಷಿಕ ಶುಲ್ಕ ಮಾತ್ರ ಒಂದು ರಾತ್ರಿಯೂ ತಂಗದಿದ್ದರೂ ಕಟ್ಟಲೇಬೇಕು, ಅದನ್ನು ಏರಿಸುವ ಅಧಿಕಾರ ಅವರದು. ಒಪ್ಪಂದದಲ್ಲಿ ಕಟ್ಟಿಹಾಕಿರುವುದು ನಮ್ಮನ್ನು ಮಾತ್ರ. ಪಾರ್ಕುಗಳು ಬೇಕಾದರೆ ಸೈಟು ಕೊಡಬಹುದು, ಬೇಡವಾದರೆ ಬಿಡಬಹುದು. ಪುಸ್ತಕ ಮುಚ್ಚಿ ಅಪ್ಪ, "ಸಾಲ ಕೊಡುವಾಗ ನಾವು ಕೂಡ ಇಷ್ಟು ನಿರ್ದಯವಾಗಿ ಬರೆಸಿಕೊಳ್ಳುತ್ತಿರಲಿಲ್ಲ" ಎಂದರು.

ಈ ಅಂಶಗಳನ್ನೆಲ್ಲ ಸೇರಿಸಿ, ಮಾರಾಟಗಾರ ಹೇಳಿದ್ದೇ ಬೇರೆ ಎಂದು ಸಂಸ್ಥೆಗೆ ಇಮೇಲ್ ಬರೆದೆ. ಒಂದು ವಾರದ ನಂತರ ಉತ್ತರ ಬಂತು: ತಮ್ಮ ಪ್ರತಿನಿಧಿಗಳ ಬಾಯಿಮಾತು ಒಪ್ಪಂದದ ಭಾಗವಲ್ಲವೆಂದು ನಾನೇ ಸಹಿ ಹಾಕಿದ್ದೇನಂತೆ. ನಕ್ಷೆಯ ಹಸಿರು ಚುಕ್ಕೆಗಳ ಬಗ್ಗೆ ಕೇಳಿದ್ದಕ್ಕೆ "ಆ ನಕ್ಷೆ ಕೇವಲ ಕಲ್ಪನೆಗಾಗಿ" ಎಂದರು. ಹಣ ವಾಪಸ್ ಕೇಳಿದ್ದಕ್ಕೆ ಗಡುವು ಮುಗಿದಿದೆ ಎಂದರು. ಸದಸ್ಯತ್ವವೇ ಬೇಡ, ಮುಂದಿನ ವರ್ಷದ ಶುಲ್ಕ ಕೇಳಬೇಡಿ ಎಂದು ಬರೆದದ್ದಕ್ಕೆ ಬಂದ ಉತ್ತರದಲ್ಲಿ ಶ್ರೀಯುತರೇ ಎಂಬ ಸಂಬೋಧನೆಯೂ, ನಿಮ್ಮ ಪ್ರವಾಸ ಸುಖಕರವಾಗಲಿ ಎಂಬ ಹಾರೈಕೆಯೂ ಇತ್ತು, ನಡುವೆ ಇನ್ನಷ್ಟು ಸೌಲಭ್ಯಗಳಿರುವ ಮೇಲ್ದರ್ಜೆಯ ಸದಸ್ಯತ್ವವನ್ನು ಕೊಳ್ಳುವ ಆಹ್ವಾನವಿತ್ತು! ಗಾಯದ ಮೇಲೆ ಬರೆ ಎಳೆಯುವುದೆಂದರೆ ಇದೇ.

ಕಾನೂನಿನ ಮಾತು ಹೇಳುವುದಾದರೆ, ಅಮೆರಿಕದ ಕೇಂದ್ರ ವ್ಯಾಪಾರ ಆಯೋಗದ (ಎಫ್‌ಟಿಸಿ) ನಿಯಮದ ಪ್ರಕಾರ ಪ್ರದರ್ಶನದ ಮೈದಾನ, ಹೋಟೆಲ್ ಕೋಣೆಯಂಥ ತಾತ್ಕಾಲಿಕ ಜಾಗದಲ್ಲಿ 130 ಡಾಲರ್ ಅಥವಾ ಅದಕ್ಕೂ ಹೆಚ್ಚಿನ ಮಾರಾಟವಾದರೆ ಮೂರು ವ್ಯವಹಾರ ದಿನಗಳೊಳಗೆ ರದ್ದುಪಡಿಸಬಹುದು. ಮಾರುವವರ ಕಾಯಂ ಕಚೇರಿಯಲ್ಲಿ ಸಹಿ ಹಾಕಿದರೆ ಆ ನಿಯಮ ಅನ್ವಯಿಸುವುದಿಲ್ಲ. ಪ್ರದರ್ಶನದಲ್ಲಿ ಕೂಪನ್ ಮಾತ್ರ ಕೊಟ್ಟು, ವ್ಯಾಪಾರವನ್ನು ತಮ್ಮ ಪಾರ್ಕಿಗೆ ಕರೆಸಿಕೊಂಡೇ ಮಾಡಿದ್ದು ಏಕೆಂದು ನಾನಂತೂ ಯೋಚಿಸುತ್ತಲೇ ಇದ್ದೇನೆ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್ ಮುಂತಾದ ರಾಜ್ಯಗಳಲ್ಲಿ ಕ್ಯಾಂಪ್ ಸದಸ್ಯತ್ವಗಳಿಗೆಂದೇ ಬೇರೆ ಕಾನೂನುಗಳಿವೆ, ಆದರೆ ಅವುಗಳಲ್ಲಿ ಸಿಗುವ ಕಾಲಾವಕಾಶವೂ ದಿನಗಳ ಲೆಕ್ಕದ್ದೇ. ನಾವು ರಾಜ್ಯದ ಅಟಾರ್ನಿ ಜನರಲ್ ಕಚೇರಿಯ ಗ್ರಾಹಕ ವಿಭಾಗಕ್ಕೆ ದೂರು ಕೊಟ್ಟಿದ್ದೇವೆ, ಕಾರ್ಡ್ ಕೊಟ್ಟ ಬ್ಯಾಂಕಿಗೂ ತಿಳಿಸಿದ್ದೇವೆ.

ಎಲ್ಲ ರಿಯಾಯಿತಿ ಕಾರ್ಡುಗಳೂ ಮೋಸವೆಂದು ನಾನು ಹೇಳುತ್ತಿಲ್ಲ. ದೇಶದ ಉದ್ದಗಲಕ್ಕೂ ಪಾರ್ಕುಗಳಿರುವ ಕೆಒಎ ಜಾಲದ ಕಾರ್ಡಿಗೆ ವರ್ಷದ ಶುಲ್ಕ ಸಣ್ಣದು, ಶೇ. 10ರಷ್ಟು ಕಡಿತ, ಅವರ ಹೆಸರಿನಲ್ಲೇ ನಡೆಯುವ ಪಾರ್ಕುಗಳು. ಇಷ್ಟವಾಗದಿದ್ದರೆ ಮುಂದಿನ ವರ್ಷ ಬಿಟ್ಟರಾಯಿತು. ಸಾವಿರಗಟ್ಟಲೆ ಮೊದಲೇ ಕೇಳುವ ಯಾವುದರ ಹತ್ತಿರವೂ ಹೋಗಬೇಡಿ. ಹೋಗಲೇಬೇಕೆಂದಿದ್ದರೆ, ನೀವು ಹೊರಟಿರುವ ಊರು, ತಿಂಗಳು, ಶುಕ್ರವಾರದ ರಾತ್ರಿ, ನಿಮ್ಮ ಗಾಡಿಯ ಉದ್ದ, 50 ಆಂಪ್ ಇಷ್ಟನ್ನೂ ಹೇಳಿ, ನಿಮ್ಮ ಮುಂದೆಯೇ ಅವರ ಫೋನಿನಿಂದಲೇ ಸೈಟ್ ಕಾದಿರಿಸಿ ತೋರಿಸಲು ಕೇಳಿ. ನಮ್ಮ ಮಾರಾಟಗಾರನಂಥವನಾದರೆ ಆಗ ಅವನಿಗೆ ಬೇರೆ ಕೆಲಸ ನೆನಪಾಗುತ್ತದೆ. ಇನ್ನು, ಸರಕಾರದ ವಾರ್ಷಿಕ ಪಾಸ್ ಉದ್ಯಾನಗಳ ಪ್ರವೇಶಕ್ಕೆ ಮಾತ್ರ, ಕ್ಯಾಂಪಿನ ಶುಲ್ಕಕ್ಕೆ ಅಲ್ಲ. ಇದನ್ನೂ ಕಲಸುಮೇಲೋಗರ ಮಾಡಿ ಮಾರುವವರಿದ್ದಾರೆ.

ಇನ್ನೊಂದು ವಿಷಯ, ಇದು ಈ ವಾರದ್ದು. ನಮ್ಮ ಸದಸ್ಯತ್ವದ ವಿವರವೆಲ್ಲ ಗೊತ್ತಿದ್ದ ಯಾರೋ ಫೋನ್ ಮಾಡಿ, ಅದನ್ನು ಕೊಳ್ಳುವವರು ಸಿದ್ಧರಿದ್ದಾರೆ, ವರ್ಗಾವಣೆಯ ಕಾಗದಪತ್ರಕ್ಕೆಂದು 800 ಡಾಲರ್ ಮುಂಗಡ ಕಳುಹಿಸಿ ಎಂದರು. ಆ ಮೊತ್ತವನ್ನು ಮಾರಾಟದ ಹಣದಲ್ಲೇ ಮುರಿದುಕೊಳ್ಳಿ ಎಂದೆ. ಅದು ತಮ್ಮ ಸಂಸ್ಥೆಯ ಪದ್ಧತಿಯಲ್ಲ ಎಂದು ಲೈನ್ ಕಡಿದರು. ನಿಮಗೂ ಇಂಥ ಕರೆ ಬಂದರೆ ಒಂದು ಸೆಂಟನ್ನೂ ಕೊಡಬೇಡಿ.